ಪಟ್ಟಿ ಸಾಹೇಬರು ಬೈಕ್ ಎತ್ತಿದ್ದು

“ಇನ್ನು ಮುಂದೆ ಈ ಬೈಕಿನ ಚೈನ್ ಒರೆಸೋಕೆ ನನಗೆ ಒಂದು ನರಪಿಳ್ಳೆಯ ಸಹಾಯವೂ ಬೇಡ! ಬರೆದಿಟ್ಕೋ!”

ಪಟ್ಟಿ ಸಾಹೇಬರು ಹೀಗೆ ಘೋಷಣೆ ಹೊರಡಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮನೆಯ ಅಂಗಳದಲ್ಲಿ, ಕುಕ್ಕುರುಗಾಲಲ್ಲಿ ಕುಳಿತು, ಮೂಗಿನ ತುದಿಗೆ ಗ್ರೀಸ್ ಮೆತ್ತಿಕೊಂಡು. ಅಂಥ ಭಂಗಿಯಲ್ಲಿ ಯಾರೂ ಘೋಷಣೆ ಹೊರಡಿಸಬಾರದು. ಕೇಳಿದವರಿಗೆ ನಗು ಬರುತ್ತದೆ. ಅವರ ಹೆಂಡತಿಗೆ ಮಾತ್ರ ಬರಲಿಲ್ಲ. ಅವಳ ಎರಡೂ ಕೈಗಳು ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದವು, ಮತ್ತು ಆ ನೊರೆಯಿಂದ ಅವಳನ್ನು ಎಬ್ಬಿಸಿದ್ದು ಅದು ಹನ್ನೊಂದನೇ ಸಲ.

ನಡೆದದ್ದು ಇಷ್ಟು. ಅವರ ಬೈಕಿಗೆ ಡಬಲ್ ಸ್ಟ್ಯಾಂಡ್ ಇಲ್ಲ, ಸೈಡ್ ಸ್ಟ್ಯಾಂಡ್ ಮಾತ್ರ. ಹಾಗಾಗಿ ಹಿಂದಿನ ಚಕ್ರ ನೆಲ ಬಿಟ್ಟು ಏಳುವುದಿಲ್ಲ. ಏಳದ ಚಕ್ರ ನಿಂತಲ್ಲೇ ತಿರುಗುವುದಿಲ್ಲ. ಚೈನನ್ನು ಕಣ್ಣಿಗೆ ಕಂಡಷ್ಟು ಒರೆಸಬೇಕು, ಉಳಿದದ್ದು ಕಾಣಬೇಕಾದರೆ ಯಾರಾದರೂ ಬೈಕನ್ನು ಒಂದು ಗೇಣು ಮುಂದೆ ತಳ್ಳಬೇಕು. ಆ ‘ಯಾರಾದರೂ’ ಮದುವೆಯಾದಾಗಿನಿಂದ ಒಬ್ಬಳೇ.

“ಒಂದು ಗೇಣು ಮುಂದೆ!” ಎಂದು ಸಾಹೇಬರು ಕೂಗಿದಾಗ ಅವಳು ಬಕೆಟ್ ಬಿಟ್ಟು ಎದ್ದು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು ತಳ್ಳಬೇಕು. “ಅಯ್ಯೋ, ಜಾಸ್ತಿ ಆಯ್ತು! ನಾಲ್ಕು ಬೆರಳು ಹಿಂದೆ!” ಎಂದಾಗ ಎಳೆಯಬೇಕು. ಹನ್ನೊಂದನೇ ಸಲ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ರೀ, ನಾನು ಬಟ್ಟೆ ಒಗೀಲೋ, ಬೈಕ್ ತಳ್ಳಲೋ? ಎರಡರಲ್ಲಿ ಒಂದು ಹೇಳ್ಬಿಡಿ.”

“ಬಟ್ಟೆ ಎಲ್ಲಿಗೂ ಓಡಿಹೋಗಲ್ಲ ಕಣೇ.”

“ಓಡಿಹೋಗಲ್ಲ. ವಾಷಿಂಗ್ ಮಷೀನ್ ಕೆಟ್ಟು ಐದು ತಿಂಗಳಾಯ್ತು. ಅದೂ ಎಲ್ಲಿಗೂ ಓಡಿಹೋಗ್ಲಿಲ್ಲ, ಹೊಸದು ಓಡಿ ಬರಲೂ ಇಲ್ಲ!”

ಇಲ್ಲಿ ಸಾಹೇಬರ ಬಿರುದಿನ ಕಥೆ ಹೇಳಲೇಬೇಕು. ಅವರು ಹದಿನೇಳು ವರ್ಷಗಳಿಂದ ಕಚೇರಿಯ ಖರೀದಿ ವಿಭಾಗದಲ್ಲಿದ್ದಾರೆ. ಅಲ್ಲಿ ಗುಂಡುಸೂಜಿ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಬೇಕು, ಮೂರನ್ನೂ ಪಕ್ಕಪಕ್ಕ ಬರೆದು ತುಲನಾ ಪಟ್ಟಿ ಮಾಡಬೇಕು, ಪಟ್ಟಿಯ ಕೆಳಗೆ ಟಿಪ್ಪಣಿ ಬರೆಯಬೇಕು. ಬೇರೆಯವರು ಈ ಶಿಸ್ತನ್ನು ಸಂಜೆ ಐದೂವರೆಗೆ ಡ್ರಾಯರಿನಲ್ಲಿಟ್ಟು ಮನೆಗೆ ಹೋಗುತ್ತಾರೆ. ನಮ್ಮ ಸಾಹೇಬರು ಅದನ್ನು ಊಟದ ಡಬ್ಬಿಯ ಜೊತೆ ಮನೆಗೆ ತಂದರು. ಒಂದು ವರ್ಷ ಛತ್ರಿ ಕೊಳ್ಳಲು ಪಟ್ಟಿ ಹಾಕಿ, ಪಟ್ಟಿ ಮುಗಿಯುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ವಾಷಿಂಗ್ ಮಷೀನಿನ ಪಟ್ಟಿಯಲ್ಲಿ ಈಗಾಗಲೇ ಮೂವತ್ತೊಂದು ಕಾಲಂಗಳಿದ್ದವು, ಮೂವತ್ತೆರಡನೆಯದು ಸಾಹೇಬರ ತಲೆಯಲ್ಲಿ ಮೊಳೆಯುತ್ತಿತ್ತು.

ಹೆಂಡತಿ ಫಿಸಿಯೋಥೆರಪಿಸ್ಟ್. ತನ್ನ ಎರಡರಷ್ಟು ತೂಕದ ರೋಗಿಗಳನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಿನವಿಡೀ ಸಾಗಿಸುವವಳು. ಅವಳಿಗೆ ಎತ್ತುವುದು ಇಳಿಸುವುದು ಹೊಸದಲ್ಲ.

“ಹಿಂದಿನ ಚಕ್ರ ಎತ್ತಿ ಹಿಡಿಯೋ ಸ್ಟ್ಯಾಂಡ್ ಸಿಗತ್ತಲ್ಲ, ಪ್ಯಾಡಾಕ್ ಸ್ಟ್ಯಾಂಡ್ ಅಂತ. ನಮ್ಮ ಕ್ಲಿನಿಕ್ ಎದುರಿನ ಮೆಕ್ಯಾನಿಕ್ ಹತ್ರ ಇದೆ. ಹೋಗಿ ಒಂದು ತಗೊಂಡು ಬನ್ನಿ. ಆದ್ರೆ ಎತ್ತುವಾಗ ಅವನೂ ಒಬ್ಬರನ್ನ ಹಿಡ್ಕೊಳ್ಳೋಕೆ ಕರೀತಾನೆ.”

ಈ ಕೊನೆಯ ವಾಕ್ಯವನ್ನು ಅವಳು ಹೇಳಬಾರದಿತ್ತು. ಅದು ಸಾಹೇಬರ ಗಂಡಸುತನಕ್ಕೆ ನೇರವಾಗಿ ಹೋಗಿ ತಾಗಿತು. ಆಗಲೇ ಮೇಲಿನ ಘೋಷಣೆ ಹೊರಬಿದ್ದದ್ದು.

“ಒಬ್ಬರೇ ಎತ್ತುತ್ತೀರಾ?”

“ಒಬ್ಬನೇ!”

“ಎತ್ತಿದ್ರೆ?”

“ಮಷೀನಿನ ಪಟ್ಟಿ ಮುಗಿಯೋ ತನಕ ನೀನು ತುಟಿ ಪಿಟಕ್ಕೆನ್ನಬಾರದು.”

“ಎತ್ತದೇ ಇದ್ರೆ?”

“ಅವತ್ತೇ ಅಂಗಡಿಗೆ ಹೋಗೋಣ. ನೀನು ಯಾವುದಕ್ಕೆ ಬೆರಳು ತೋರಿಸ್ತೀಯೋ ಅದೇ ಮಷೀನು. ಪಟ್ಟಿ ಇಲ್ಲ, ಟಿಪ್ಪಣಿ ಇಲ್ಲ!”

“ಬೇರೆ ಯಾರಾದ್ರೂ ಕೈ ಹಾಕಿದ್ರೆ?”

“ಕೈ ಯಾಕೆ? ಕಿರುಬೆರಳು ತಾಗಿದ್ರೂ ನಾನು ಸೋತ ಹಾಗೆ!”

ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ಖರೀದಿ ವಿಭಾಗದವರಿಗೆ ಶೋಭಿಸುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಸಾಹೇಬರ ನಾಲಿಗೆಗೂ ಡಬಲ್ ಸ್ಟ್ಯಾಂಡ್ ಇರಲಿಲ್ಲ. ಹೆಂಡತಿ ಬಕೆಟ್ಟಿನ ಕಡೆ ತಿರುಗಿದಳು. ಉಳಿದ ಬಟ್ಟೆಯನ್ನು ಅವಳು ಹಾಡು ಗುನುಗುತ್ತ ಒಗೆದಳು ಎನ್ನುವುದು ಸಾಹೇಬರಿಗೆ ಅಷ್ಟು ಹಿಡಿಸಲಿಲ್ಲ.

ಮರುದಿನವೇ ಪಟ್ಟಿ ಶುರುವಾಯಿತು. ಪ್ಯಾಡಾಕ್ ಸ್ಟ್ಯಾಂಡುಗಳಲ್ಲಿ ಎರಡು ಜಾತಿ. ಹಿಂದಿನ ಚಕ್ರದ ಎರಡೂ ಪಕ್ಕದಲ್ಲಿ ಅದನ್ನು ಹಿಡಿದುಕೊಂಡಿರುವ ಎರಡು ಲೋಹದ ತೋಳುಗಳಿರುತ್ತವಲ್ಲ, ಆ ತೋಳುಗಳಿಗೆ ಕೂರಿಸಿದ ಗುಂಡಿಗಳಿಗೆ ಕೊಕ್ಕೆ ಹಾಕಿ ಎತ್ತುವುದು ಒಂದು ಜಾತಿ. ತೋಳುಗಳ ಅಡಿಗೆ ರಬ್ಬರಿನ ಅಂಗೈ ಕೊಟ್ಟು ಎತ್ತುವುದು ಇನ್ನೊಂದು. ಇಷ್ಟು ಸರಳ ವಿಷಯವನ್ನು ಸಾಹೇಬರು ಇಪ್ಪತ್ತೆರಡು ಕಾಲಂಗಳಿಗೆ ಹಿಗ್ಗಿಸಿದರು. ಪೈಪಿನ ದಪ್ಪ, ವೆಲ್ಡಿಂಗಿನ ಚೊಕ್ಕತನ, ಹಿಡಿಯ ಉದ್ದ, ಸ್ಟ್ಯಾಂಡಿನ ಪುಟ್ಟ ಗಾಲಿಗಳ ಉರುಟು, ಕೊಂಡವರ ಅಭಿಪ್ರಾಯ, ಕೊಂಡು ಬೈದವರ ಅಭಿಪ್ರಾಯ, ಬೈದವರು ಎಷ್ಟು ಜೋರಾಗಿ ಬೈದಿದ್ದಾರೆ ಎನ್ನುವುದಕ್ಕೆ ಬೇರೆಯೇ ಒಂದು ಕಾಲಂ.

ಕಚೇರಿಯ ಸ್ಟೋರ್ ಕೀಪರ್ ಊಟದ ಹೊತ್ತಿನಲ್ಲಿ ಪಟ್ಟಿಯನ್ನು ಬಗ್ಗಿ ನೋಡಿ ಕೇಳಿದ: “ಸಾಹೇಬ್ರೆ, ಎತ್ತೋದು ಬೈಕಾ, ಸೇತುವೆನಾ?”

“ನಿಮಗೆ ಗೊತ್ತಾಗಲ್ಲ ಬಿಡ್ರಿ. ಬುಡ ಗಟ್ಟಿ ಇರಬೇಕು.”

“ಬುಡ ಗಟ್ಟಿ ಇದೆ. ಬೈಕಿಗೆ ಕೂರತ್ತಾ?”

ಸಾಹೇಬರು ಆ ಪ್ರಶ್ನೆಯನ್ನು ಅನುಭವ ಇಲ್ಲದವನ ಪ್ರಶ್ನೆ ಎಂದು ತಳ್ಳಿಹಾಕಿದರು. ಹತ್ತೊಂಬತ್ತನೇ ದಿನ ಅರ್ಧ ಅಂಕದ ಮುನ್ನಡೆಯಿಂದ ಕೊಕ್ಕೆಯ ಸ್ಟ್ಯಾಂಡ್ ಗೆದ್ದಿತು. ಆರ್ಡರ್ ಹೋಯಿತು, ಪೆಟ್ಟಿಗೆ ಬಂತು. ಕಡುಗೆಂಪು ಬಣ್ಣ, ಮಿರಮಿರ ಮಿಂಚುತ್ತಿತ್ತು. ಸಾಹೇಬರು ಅದನ್ನು ಎತ್ತಿಕೊಂಡು ಹೋಗಿ ಬೈಕಿನ ಹಿಂದೆ ಮೊಣಕಾಲೂರಿ ಬಗ್ಗಿದರು. ಆಮೇಲೆ ಬಹಳ ಹೊತ್ತು ಏಳಲಿಲ್ಲ.

“ಏನಾಯ್ತು? ಬೆನ್ನು ಹಿಡ್ಕೊಳ್ತಾ?” ಎಂದು ಹೆಂಡತಿ ವೃತ್ತಿಪರ ಕಾಳಜಿಯಿಂದ ಓಡಿಬಂದಳು.

ಬೆನ್ನು ಸರಿಯಾಗಿಯೇ ಇತ್ತು. ಬೈಕಿನ ತೋಳುಗಳಲ್ಲಿ ಕೊಕ್ಕೆ ಸಿಕ್ಕಿಸುವ ಗುಂಡಿಗಳು ಇರಲಿಲ್ಲ. ಗುಂಡಿ ಕೂರಿಸಲು ಬೇಕಾದ ತೂತುಗಳೂ ಇರಲಿಲ್ಲ. ಕಂಪನಿಯವರು ಆ ಜಾಗವನ್ನು ಅಂಗೈಯಷ್ಟು ನುಣ್ಣಗೆ ಬಿಟ್ಟಿದ್ದರು.

ಹೆಂಡತಿಯೂ ಬಗ್ಗಿ ನೋಡಿದಳು. “ಇಪ್ಪತ್ತೆರಡು ಕಾಲಂ ಹಾಕಿದ್ರಲ್ಲ. ಅದರಲ್ಲಿ ನಮ್ಮ ಬೈಕಿಗೆ ಒಂದು ಕಾಲಂ ಇರ್ಲಿಲ್ವಾ?”

“ಅದು... ಟಿಪ್ಪಣಿಯಲ್ಲಿ ಬರ್ತಿತ್ತು.”

“ಬಂದಿದೆಯಾ?”

“ಬರೋದ್ರಲ್ಲಿತ್ತು.”

ಕೆಂಪು ಸ್ಟ್ಯಾಂಡ್ ಮತ್ತೆ ಪೆಟ್ಟಿಗೆ ಸೇರಿ, ವಾಪಸ್ಸು ಒಯ್ಯುವವನಿಗಾಗಿ ಗೇಟಿನ ಪಕ್ಕ ಕಾಯತೊಡಗಿತು. ರಬ್ಬರ್ ಅಂಗೈಯ ಸ್ಟ್ಯಾಂಡ್ ಬಂತು. ಈ ಸಲ ಸಾಹೇಬರು ಬೈಕಿನ ಅಡಿಯನ್ನು ಮೂರು ಸಲ ಅಳೆದಿದ್ದರು. ಶನಿವಾರ ಹೆಂಡತಿ ಕ್ಲಿನಿಕ್ಕಿಗೆ ಹೊರಟಾಗ ಸಾಹೇಬರು ಬಾಗಿಲಲ್ಲಿ ನಿಂತು ಹೇಳಿದರು: “ಒಂದು ಗಂಟೆಗೆ ಬರ್ತೀಯಲ್ಲ? ಬಂದಾಗ ಚಕ್ರ ಗಾಳಿಯಲ್ಲಿ ತಿರುಗ್ತಿರತ್ತೆ, ನೋಡು!”

“ಚಕ್ರ ತಾನೇ? ನೀವಲ್ವಲ್ಲ?” ಎಂದು ಅವಳು ಹೋದಳು.

ಸಾಹೇಬರು ಸಿದ್ಧತೆಗೆ ತೊಡಗಿದರು. ಬೈಕು ಅಕಸ್ಮಾತ್ ವಾಲಿದರೂ ಯಾವುದಕ್ಕೂ ತಗುಲಬಾರದು ಎಂದು ಟೇಪ್ ಹಿಡಿದು ಅಳೆದು, ಗೋಡೆ, ಕಂಬ, ನಲ್ಲಿ ಎಲ್ಲದರಿಂದ ಸರಿಯಾಗಿ ಆರಡಿ ದೂರದಲ್ಲಿ ಸೀಮೆಸುಣ್ಣದ ವೃತ್ತ ಬರೆದು, ಅದರ ನಡುವೆ ಬೈಕು ನಿಲ್ಲಿಸಿದರು. ಬೈಕು ಅಲುಗಬಾರದೆಂದು ಮುಂದಿನ ಬ್ರೇಕನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಸೈಡ್ ಸ್ಟ್ಯಾಂಡ್ ನಡುವೆ ಬಂದು ತಕರಾರು ಮಾಡಬಾರದೆಂದು, ಬೈಕನ್ನು ನೆಟ್ಟಗೆ ಮಾಡಿ ಸೊಂಟ ಆನಿಸಿ ನಿಂತು, ಅದನ್ನೂ ಮಡಚಿ ಎರಡು ಗಂಟು ಹಾಕಿದರು. ಫೋನನ್ನು ಸ್ಟೂಲಿನ ಮೇಲಿಟ್ಟು, ಸ್ಟ್ಯಾಂಡ್ ಹಾಕುವುದು ಹೇಗೆಂದು ಹೇಳುವ ವಿಡಿಯೋವನ್ನು ಮುಗಿದ ಕೂಡಲೇ ಮತ್ತೆ ಶುರುವಾಗುವಂತೆ ಇಟ್ಟಿದ್ದು ಮೊದಲೇ ಆಗಿತ್ತು. ಸ್ಟೂಲೂ ಆರಡಿ ದೂರದಲ್ಲಿತ್ತು.

“ಒಬ್ಬರೇ ಸಾಕು! ನೋಡಿದ್ರಾ, ಎಷ್ಟು ಸುಲಭ!” ಎಂದಿತು ಫೋನು.

ಸಾಹೇಬರು ಎಡಗೈಯಲ್ಲಿ ಬೈಕಿನ ಹಿಂಬದಿಯ ಹಿಡಿಯನ್ನು ಹಿಡಿದು, ಬಲಗೈಯಲ್ಲಿ, ಕಾಲ ಬಳಿಯೇ ಇಟ್ಟುಕೊಂಡಿದ್ದ ಪ್ಯಾಡಾಕ್ ಸ್ಟ್ಯಾಂಡನ್ನು ಒಳಕ್ಕೆ ನೂಕಿದರು. ಎಡದ ಅಂಗೈ ಎಡದ ತೋಳಿನ ಅಡಿಗೆ ಹೋಗಿ ಜಂಬದಿಂದ ಕುಳಿತಿತು. ಬಲದ ಅಂಗೈ ಮಾತ್ರ ಜಾರಿ ಹೊರಗೆ ಉಳಿಯಿತು. ಅದನ್ನು ಸರಿಮಾಡಲು ಬಗ್ಗಿದರೆ ಬೈಕು ವಾಲುತ್ತದೆ. ಸ್ಟ್ಯಾಂಡನ್ನು ಒತ್ತಿದರೆ ಬೈಕು ಆಚೆಗೆ ಬೀಳುತ್ತದೆ. ಕೈ ಬಿಟ್ಟರೆ ಈಚೆಗೆ, ಅಂದರೆ ಸಾಹೇಬರ ಮೇಲೆ ಬೀಳುತ್ತದೆ. ಗೋಡೆಗೆ ಒರಗಿಸೋಣವೆಂದರೆ ಬ್ರೇಕು ಕಟ್ಟಿದೆ. ಮೊದಲಿನಂತೆ ಸೊಂಟ ಆನಿಸೋಣವೆಂದರೆ ಒಳಹೊಕ್ಕ ಸ್ಟ್ಯಾಂಡಿನ ಹಿಡಿ ಅಡ್ಡ. ಸೈಡ್ ಸ್ಟ್ಯಾಂಡ್ ಇಳಿಸೋಣವೆಂದರೆ ಎರಡು ಗಂಟು. ಗಂಟು ಬಿಚ್ಚಲು ಎರಡು ಕೈ ಬೇಕು, ಸಾಹೇಬರ ಎರಡು ಕೈಗಳಿಗೂ ಬೇರೆ ಕೆಲಸವಿತ್ತು. ಅಂಗಳದಲ್ಲಿದ್ದ ಸಕಲ ವಸ್ತುಗಳೂ, ಅವರೇ ಅಳೆದು ಇಟ್ಟಂತೆ, ಆರಡಿ ದೂರದಿಂದ ಅವರನ್ನು ನೋಡುತ್ತಿದ್ದವು.

ಗಂಟೆ ಹನ್ನೆರಡು ಹತ್ತು.

“ಒಬ್ಬರೇ ಸಾಕು! ನೋಡಿದ್ರಾ, ಎಷ್ಟು ಸುಲಭ!”

“ಮುಚ್ಚೋ ಬಾಯಿ!” ಎಂದರು ಸಾಹೇಬರು.

“ಯಾರಿಗಪ್ಪಾ ಬೈತಿದೀಯಾ?” ಎಂದು ಮೇಲಿನಿಂದ ಧ್ವನಿ ಬಂತು. ಮಹಡಿಯ ಮನೆಯ ಅಜ್ಜಿ. ಮಂಡಿನೋವಿಗೆ ಸಾಹೇಬರ ಹೆಂಡತಿಯೇ ಅವರಿಗೆ ವ್ಯಾಯಾಮ ಹೇಳಿಕೊಟ್ಟಿದ್ದಳು. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕುಳಿತು, ಕಾಲನ್ನು ಮೇಲೆ ಕೆಳಗೆ ಮಾಡುತ್ತ ಬೀದಿ, ಅಂಗಳ ಎಲ್ಲವನ್ನೂ ನೋಡಿಕೊಳ್ಳುವುದು ಆ ವ್ಯಾಯಾಮದ ಭಾಗವಾಗಿತ್ತು.

“ಯಾರಿಗೂ ಇಲ್ಲ ಅಜ್ಜಿ!”

“ಬೈಕ್ ತಬ್ಕೊಂಡು ಯಾಕೆ ನಿಂತಿದೀಯಾ?”

“ತಬ್ಕೊಂಡಿಲ್ಲ ಅಜ್ಜಿ, ಬ್ಯಾಲೆನ್ಸ್ ಪರೀಕ್ಷೆ ಮಾಡ್ತಿದೀನಿ.”

“ಬೈಕಿಂದೋ, ನಿಂದೋ?”

ಸಾಹೇಬರು ನಕ್ಕಂತೆ ಮಾಡಿದರು. ನಕ್ಕರೆ ಕೈ ಅಲುಗುತ್ತದೆ ಎಂದು ತಿಳಿದು ಅದನ್ನೂ ನಿಲ್ಲಿಸಿದರು. ಅಜ್ಜಿ ಹತ್ತು ಸಲ ಕಾಲು ಎತ್ತಿ ಇಳಿಸಿ, ಮತ್ತೆ ನೋಡಿ, ಮತ್ತೆ ಹತ್ತು ಸಲ ಎತ್ತಿ ಇಳಿಸಿದರು. ಆಮೇಲೆ ಮಡಿಲಿನಿಂದ ಫೋನ್ ತೆಗೆದು ಯಾರೊಂದಿಗೋ ಮೆಲ್ಲಗೆ ಮಾತಾಡಿದರು. ಸಾಹೇಬರಿಗೆ ಅದರ ಮೇಲೆ ಗಮನವಿರಲಿಲ್ಲ. ಅವರ ಎಡಗಾಲಿನ ಮೀನಖಂಡ ಸಣ್ಣಗೆ ನಡುಗಲು ಶುರುವಾಗಿತ್ತು.

ಹನ್ನೆರಡೂವರೆಗೆ ಗೇಟು ಕಿರುಗುಟ್ಟಿತು. ಕೊರಿಯರ್‌ನವನು. “ವಾಪಸ್ ತಗೊಂಡು ಹೋಗೋ ಪೆಟ್ಟಿಗೆ ಇದೇನಾ ಸರ್?”

“ಅದೇ, ಅದೇ. ತಗೊಂಡು ಹೋಗಿ.”

“ಯಾಕೆ ವಾಪಸ್ಸು, ಕಾರಣ ಹೇಳ್ಬೇಕು ಸರ್. ‘ವಸ್ತು ಹಾಳಾಗಿತ್ತು’, ‘ಬಣ್ಣ ಇಷ್ಟವಾಗಲಿಲ್ಲ’, ‘ಗ್ರಾಹಕರ ತಪ್ಪು ಆಯ್ಕೆ’. ಯಾವುದು ಒತ್ತಲಿ?”

“ಬಣ್ಣ...” ಎಂದರು ಸಾಹೇಬರು.

“ತಪ್ಪು ಆಯ್ಕೆ ಅಂತ ಒತ್ತಪ್ಪಾ!” ಎಂದರು ಮೇಲಿನಿಂದ ಅಜ್ಜಿ. “ಅವನ ಹೆಂಡ್ತಿ ನನಗೆ ಎಲ್ಲಾ ಹೇಳಿದಾಳೆ.”

ಕೊರಿಯರ್‌ನವನು ಅಜ್ಜಿಯ ಮಾತನ್ನೇ ನಂಬಿದ. “ಈಗ ನಿಮ್ಮ ಫೋನಿಗೆ ಓಟಿಪಿ ಬಂದಿರತ್ತೆ, ಹೇಳಿ ಸರ್.”

ಸಾಹೇಬರು ಗಲ್ಲದಿಂದ ಸ್ಟೂಲಿನ ಕಡೆ ತೋರಿಸಿದರು. ಅವನು ಫೋನ್ ತಂದು ಅವರ ಮುಖದೆದುರು ಹಿಡಿದ. ಮೆಸೇಜುಗಳಿಗೆ ಸಾಹೇಬರು ಮುಖ ತೋರಿಸಿ ತೆರೆಯುವ ಬೀಗ ಹಾಕಿದ್ದರು, ಅದು ತೆರೆಯಲಿಲ್ಲ. ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ. ಇಪ್ಪತ್ತು ನಿಮಿಷ ಬೈಕು ಹಿಡಿದು ನಿಂತ ಆ ಮುಖ, ಹಲ್ಲು ಕಚ್ಚಿ, ಹುಬ್ಬು ಗಂಟಾಗಿ, ಸ್ವಂತ ಫೋನಿಗೇ ಗುರುತು ಸಿಗದಂತಾಗಿತ್ತು!

“ನೀವೇ ಅಲ್ಲ ಅಂತಿದೆ ಸರ್. ಸ್ವಲ್ಪ ನಗ್ತೀರಾ?”

ಸಾಹೇಬರು ನಕ್ಕರು. ಅಜ್ಜಿ ಹೆದರಿ ಕಾಲು ಎತ್ತುವುದನ್ನು ನಿಲ್ಲಿಸಿದರು. ಫೋನು ಮಾತ್ರ ಮೂರನೇ ನಗುವಿಗೆ ಒಪ್ಪಿಕೊಂಡು ಬೀಗ ತೆರೆಯಿತು. ಓಟಿಪಿ ಮುಗಿಸಿ ಹೊರಟವನು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಒಮ್ಮೆ ತಿರುಗಿದ.

“ಸರ್, ತುಂಬಾ ನಡುಗ್ತಿದೀರಿ. ಒಂಚೂರು ಹಿಡ್ಕೊಳ್ಳಲಾ?”

“ಬೇಡ! ಮುಟ್ಬೇಡಿ! ಒಂದು ಬೆರಳೂ ತಾಗಬಾರದು!”

ಅವನು ಮುಟ್ಟಲಿಲ್ಲ. ಅಂಥವರನ್ನು ದಿನಕ್ಕೆ ಎಷ್ಟು ಜನ ನೋಡುತ್ತಾನೋ ಏನೋ, ಫೋನನ್ನು ಮರ್ಯಾದೆಯಿಂದ ಸ್ಟೂಲಿನ ಮೇಲಿಟ್ಟು ಹೋದ. ಫೋನು ಬಿಟ್ಟಲ್ಲಿಂದ ಮುಂದುವರಿಸಿತು: “ನೋಡಿದ್ರಾ, ಎಷ್ಟು ಸುಲಭ!”

ಹನ್ನೆರಡು ಐವತ್ತಕ್ಕೆ ಹೆಂಡತಿ ಬಂದಳು. ಗಾಬರಿಯಿಲ್ಲ, ಓಟವಿಲ್ಲ. ಚಪ್ಪಲಿ ಬಿಟ್ಟು, ಬ್ಯಾಗನ್ನು ಮೊಳೆಗೆ ನೇತುಹಾಕಿ, ವಿಡಿಯೋ ನಿಲ್ಲಿಸಿ, ಸೀಮೆಸುಣ್ಣದ ವೃತ್ತದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಬ್ರೇಕಿನ ಹಗ್ಗ ನೋಡಿದಳು. ಸೈಡ್ ಸ್ಟ್ಯಾಂಡಿನ ಎರಡು ಗಂಟು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತಳು.

“ನಿನಗೆ ಗೊತ್ತಿತ್ತಾ?” ಎಂದರು ಸಾಹೇಬರು.

“ಹನ್ನೆರಡೂ ಕಾಲಿಗೇ ಅಜ್ಜಿ ಫೋನ್ ಮಾಡಿದ್ರು. ಕೊನೇ ಪೇಶೆಂಟ್ ಮುಗಿಸಿ ಬಂದೆ. ಷರತ್ತು ಇದೆಯಲ್ಲ, ನಾನು ಹೇಗೆ ಮುಟ್ಟಲಿ? ನೀವು ಹೂಂ ಅಂದ್ರೆ ಮುಟ್ತೀನಿ.”

ಸಾಹೇಬರ ಮನಸ್ಸಿನಲ್ಲಿ ಮೂವತ್ತೊಂದು ಕಾಲಂಗಳು ಸಾಲಾಗಿ ಹಾದುಹೋದವು. ಹೂಂ ಎಂದರೆ ಆರು ತಿಂಗಳ ಪಟ್ಟಿ ಅಂಗಳದಲ್ಲೇ ಮಣ್ಣಾಗುತ್ತದೆ. ಇನ್ನೊಂದು ಸಲ ಪ್ರಯತ್ನಿಸಿದರೆ? ಬಲಕ್ಕೆ ಒಂದು ಅಂಗುಲ ಸರಿಸಿ, ಉಸಿರು ಬಿಗಿಹಿಡಿದು? ಹೀಗೆ ಲೆಕ್ಕ ಹಾಕುತ್ತಿದ್ದವರ ಕಣ್ಣು ಮಡಿಲಲ್ಲಿಟ್ಟಿದ್ದ ಅವಳ ಕೈಗಳ ಮೇಲೆ ಬಿತ್ತು. ಬೆರಳ ಗೆಣ್ಣುಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಆರು ತಿಂಗಳ ಸೋಪು. ಬೆಳಿಗ್ಗೆಯಿಂದ ಊರವರ ಬೆನ್ನು, ಸೊಂಟ ನೀವಿ ಬಂದ ಕೈಗಳು, ನಾಳೆ ಭಾನುವಾರ ಮತ್ತೆ ಬಕೆಟ್ಟಿಗೆ ಇಳಿಯಬೇಕಾದ ಕೈಗಳು. ಸಾಹೇಬರಿಗೆ ನಾಚಿಕೆಯಾಯಿತು. ಕಾಲು ನಡುಗಿದ್ದಕ್ಕಲ್ಲ. ಮೂವತ್ತೊಂದು ಕಾಲಂಗಳಲ್ಲಿ ಈ ಕೈಗೆ ಒಂದು ಕಾಲಂ ಹಾಕಿರಲಿಲ್ಲವಲ್ಲ ಎಂದು.

“ಹೂಂ,” ಎಂದರು. “ಮುಟ್ಟೇ ಮಾರಾಯ್ತಿ.”

ಅವಳು ಎದ್ದು ಆಚೆ ಬದಿಗೆ ಹೋಗಿ ಬೈಕನ್ನು ಹಿಡಿದಳು. ಅಷ್ಟೇ! ಸಾಹೇಬರ ತೋಳಿನಿಂದ ಒಂದು ಬೆಟ್ಟ ಇಳಿಯಿತು.

“ಈಗ ಸ್ಟ್ಯಾಂಡ್ ಹೊರಗೆಳೆದು ಮತ್ತೆ ಕೊಡಿ. ಎರಡೂ ಕಡೆ ಕೂತ್ಕೊಳ್ತಾ? ಬೆನ್ನು ನೇರ! ಮಂಡಿ ಬಗ್ಸಿ! ಉಸಿರು ಬಿಡ್ತಾ ಕೆಳಗೆ ಒತ್ತಿ!”

“ನಾನೇನು ನಿನ್ನ ಪೇಶೆಂಟಾ?”

“ಸಂಜೆ ಹೊತ್ತಿಗೆ ಆಗ್ತೀರಿ. ಒತ್ತಿ!”

ಒತ್ತಿದರು. ಹಿಂದಿನ ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದು ನಿಂತಿತು. ಅವಳು ಒಂದು ಬೆರಳಿನಿಂದ ತಿರುಗಿಸಿದಳು. ಚಕ್ರ ತಿರುಗಿತು, ಚೈನು ಗುಂಯ್ ಎಂದು ಓಡಿತು, ಬಾಲ್ಕನಿಯಿಂದ ಅಜ್ಜಿ ಚಪ್ಪಾಳೆ ತಟ್ಟಿದರು. ಸೋತವರಿಗೆ ಇಷ್ಟು ಖುಷಿಯಾಗಬಾರದು. ಆದರೆ ಆ ಚಕ್ರ ಗಾಳಿಯಲ್ಲಿ ತಿರುಗುವುದನ್ನು ನೋಡಿ ಸಾಹೇಬರಿಗೆ ಆಯಿತು, ಬಾಯಿ ತೆರೆದುಕೊಂಡೇ ನೋಡಿದರು.

ಸಂಜೆ ಅಂಗಡಿಗೆ ಹೋದರು. ಸಾಹೇಬರು ಇನ್ನೂ ಎಡಗಾಲನ್ನು ಎಳೆದುಕೊಂಡು ಬಾಗಿಲು ದಾಟುತ್ತಿದ್ದಾಗಲೇ ಹೆಂಡತಿ ನೇರ ಮೂರನೇ ಸಾಲಿಗೆ ನಡೆದು ಒಂದು ಮಷೀನಿನ ನೆತ್ತಿಯ ಮೇಲೆ ಬೆರಳಿಟ್ಟಳು. “ಇದು.”

ಸಾಹೇಬರಿಗೆ ಒಂದು ಕೊನೆಯ ಆಸೆ ಮಿಂಚಿತು. ಅವಳ ಕಿವಿಯ ಹತ್ತಿರ ಬಗ್ಗಿ, ಅನುಭವಸ್ಥರ ಧ್ವನಿಯಲ್ಲಿ ಕೇಳಿದರು: “ನಮ್ಮ ಬಚ್ಚಲಿನ ಬಾಗಿಲಲ್ಲಿ ಹಿಡಿಸತ್ತಾ? ಅಳೆದಿದೀಯಾ?”

“ಮಷೀನ್ ಕೆಟ್ಟ ದಿನಾನೇ ಅಳೆದಿದೀನಿ. ಎರಡು ಬೆರಳು ಜಾಗ ಉಳಿಯತ್ತೆ.”

ಮುಂದಿನ ಭಾನುವಾರ. ಬಚ್ಚಲಲ್ಲಿ ಹೊಸ ಮಷೀನು ತನ್ನಷ್ಟಕ್ಕೆ ಗುಡುಗುತ್ತಿತ್ತು. ಹೆಂಡತಿ ಅಂಗಳದಲ್ಲಿ ಸ್ಟೂಲಿನ ಮೇಲೆ ಕುಳಿತು, ಕೈಗೆ ಮುಲಾಮು ಸವರಿಕೊಂಡು, ಪತ್ರಿಕೆ ಓದುತ್ತಿದ್ದಳು. ಸಾಹೇಬರು ಬೈಕನ್ನು ತಂದು ನಿಲ್ಲಿಸಿದರು. ಸ್ಟ್ಯಾಂಡ್ ತಂದರು. ಸ್ಟ್ಯಾಂಡನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದರು. ಕೆಮ್ಮಿದರು.

“ಒಂಚೂರು ಹಿಡ್ಕೊಳ್ತೀಯಾ?”

ಅವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಹಿಡ್ಕೊಳ್ಳೋಕೆ ಜನ ಬೇಕಾ? ಮೂರು ಕೊಟೇಶನ್ ತರಿಸ್ಕೊಳ್ಳಿ. ಪಟ್ಟಿ ಮಾಡಿ.”

“ಪಟ್ಟಿ ಇಲ್ಲ, ಟಿಪ್ಪಣಿ ಇಲ್ಲ. ನೀನು ಹೇಳಿದ್ದೇ ಷರತ್ತು,” ಎಂದರು ಸಾಹೇಬರು. ಹದಿನೇಳು ವರ್ಷಗಳ ಸೇವೆಯಲ್ಲಿ ಒಂದೇ ಕೊಟೇಶನ್ನಿಗೆ ಅವರು ಒಪ್ಪಿದ್ದು ಅದೇ ಮೊದಲು.

ಅವಳು ಷರತ್ತು ಹೇಳಿದಳು. ಹತ್ತು ನಿಮಿಷದಲ್ಲಿ ಚಕ್ರ ಎದ್ದಿತು, ಚೈನು ಹೊಳೆಯಿತು. ಮುಂದಿನ ಅರ್ಧ ಗಂಟೆ ಸಾಹೇಬರು ಮಷೀನಿನಿಂದ ತೆಗೆದ ಒದ್ದೆ ಬಟ್ಟೆಗಳ ರಾಶಿಯನ್ನು ಗಲ್ಲದವರೆಗೆ ತಬ್ಬಿಕೊಂಡು, ಒಂದು ಕಾಲು ಎತ್ತಿ, ಇನ್ನೊಂದು ಕಾಲಿನ ತುದಿಯ ಮೇಲೆ ನಿಂತು, ತಂತಿಗೆ ದುಪ್ಪಟಿ ಎಸೆಯುತ್ತಿದ್ದರು.

ಮೇಲೆ ಬಾಲ್ಕನಿಯಲ್ಲಿ ಕುರ್ಚಿ ಸದ್ದಾಯಿತು.

“ಏನಪ್ಪಾ,” ಎಂದರು ಅಜ್ಜಿ, “ಇವತ್ತೂ ಬ್ಯಾಲೆನ್ಸ್ ಪರೀಕ್ಷೆನಾ?”